ಉಬ್ಬು ಎತ್ತರವೋ? ಕಾರು ತಗ್ಗೋ?

ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಆರೂವರೆ ಸುಮಾರಿಗೆ ನಗರದ ಹೊರವಲಯದ ಬಡಾವಣೆಯೊಂದರ ಮೂಲೆಯಲ್ಲಿ ‘ಕರ್ರ್...’ ಎಂಬ ಸದ್ದು ಕೇಳಿಬರುತ್ತಿತ್ತು. ಹಾಲಿನ ಪ್ಯಾಕೆಟ್ ತರಲು ಹೊರಟವರು ತಿರುಗಿ ನೋಡುವುದನ್ನೂ ಬಿಟ್ಟಿದ್ದರು. “ಮೇಷ್ಟ್ರ ಗಾಡಿ ಹಂಪ್ ದಾಟ್ತು ಕಣ್ರೀ” ಎಂದುಕೊಂಡು ಮುಂದಕ್ಕೆ ಹೋಗುತ್ತಿದ್ದರು. ಆದರೆ ಆ ಗಾಡಿಯೊಳಗೆ ಕೂತ ಹೆಂಗಸಿಗೆ ಆ ಸದ್ದು ಬರೀ ಸದ್ದಲ್ಲ. ಅದು ಸೊಂಟಕ್ಕೆ ಬಿದ್ದ ಪೆಟ್ಟು.

ಗಾಡಿ ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರದು. ಒಳಗೆ ಕೂತವರು ಅವರ ಮನೆಯವರು. ಎರಡೂ ಮೂತ್ರಪಿಂಡ ಕೈಕೊಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್ ಮಾಡಿಸಿಕೊಂಡು ಬದುಕುತ್ತಿರುವ ಜೀವ. ಬೆಳಿಗ್ಗೆ ಏಳಕ್ಕೆ ಆಸ್ಪತ್ರೆಯ ಹಾಸಿಗೆ ಹಿಡಿಯದಿದ್ದರೆ ಸರದಿ ತಪ್ಪುತ್ತದೆ. ಸರದಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ. ಹೀಗಿರುವಾಗ ಮನೆಗೂ ಆಸ್ಪತ್ರೆಗೂ ನಡುವೆ ಅಡ್ಡ ಮಲಗಿದ್ದು ಯಾವ ದೊಡ್ಡ ಘಾಟಿಯೂ ಅಲ್ಲ, ಒಂದು ಗೇಣಿಗಿಂತ ಕಡಿಮೆ ಎತ್ತರದ ಸಿಮೆಂಟ್ ದಿಮ್ಮಿ!

ಡಿಕ್ಕಿಗಾಗಿ ಕೊಂಡ ಕಾರು

ಮೇಷ್ಟ್ರು ಈ ಕಾರು ಕೊಂಡದ್ದು ಶೋಕಿಗಲ್ಲ. ಮನೆಯವರಿಗೆ ನಡೆಯುವುದು ಕಷ್ಟವಾದಾಗ ಗಾಲಿಕುರ್ಚಿ ಬಂತು. ಮಡಚಿದರೂ ಅದು ಸಾಮಾನ್ಯ ಕಾರಿನ ಡಿಕ್ಕಿಯಲ್ಲಿ ಸಲೀಸಾಗಿ ಕೂರಲಿಲ್ಲ. ಆಗ ಯಾರೋ ಹೇಳಿದರು: “ಉದ್ದನೆ ಡಿಕ್ಕಿ ಗಾಡಿ ತಗೊಳ್ಳಿ ಮೇಷ್ಟ್ರೇ, ಹಿಂದಿನ ಬಾಗಿಲು ಎತ್ತಿದ್ರೆ ಮಂಚ ಬೇಕಾದ್ರೂ ಇಡ್ಬೋದು.” ಹಾಗೆ ಸೆಕೆಂಡ್‌ಹ್ಯಾಂಡಿನಲ್ಲಿ ಮನೆಗೆ ಬಂದದ್ದು ಟಾಟಾ ಕಂಪನಿ 2004ರಲ್ಲಿ ಹೊರತಂದ ಇಂಡಿಗೊ ಮರೀನಾ.

ಇಂಥ ಗಾಡಿಗೆ ಸ್ಟೇಷನ್ ವ್ಯಾಗನ್ ಎಂದು ಹೆಸರು. ರೈಲ್ವೆ ಸ್ಟೇಷನ್ನಿನಿಂದ ಜನರನ್ನೂ ಅವರ ಟ್ರಂಕು, ಹಾಸಿಗೆಗಳನ್ನೂ ಒಟ್ಟಿಗೆ ಹೊತ್ತು ತರುತ್ತಿದ್ದ ಗಾಡಿಗಳಿಂದ ಬಂದ ಹೆಸರು ಅದು. ನಮ್ಮ ದೇಶದಲ್ಲಿ ಈ ಜಾತಿಗೆ ಯಾಕೋ ಹೆಚ್ಚು ಗಿರಾಕಿ ಸಿಗಲಿಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಹೋಯಿತು. ಮರೀನಾ ಬಂತು, ಅದೂ ಹೋಯಿತು. ಈಗ ದೊಡ್ಡ ಸಂಸಾರದವರು ಎರ್ಟಿಗಾ, ಇನ್ನೋವಾ ಎನ್ನುತ್ತಾರೆ. ಗಾಡಿ ಯಾವುದಾದರೇನು, ಮನೆಮಂದಿ ಎಲ್ಲ ಹತ್ತಿ, ಹಿಂದೆ ಸಾಮಾನು ತುಂಬಿದ ಮೇಲೆ ಎಲ್ಲದರ ಪಾಡೂ ಒಂದೇ. ತಳ ನೆಲಕ್ಕೆ ಹತ್ತಿರವಾಗುತ್ತದೆ.

ಒಂದು ಶುಕ್ರವಾರ ಊರಿನಿಂದ ಬಂದಿದ್ದ ನೆಂಟರೊಬ್ಬರೂ ಕಾರಿನಲ್ಲಿ ಕೂತಿದ್ದರು. ಮೂಲೆಯ ಹಂಪಿನ ಮೇಲೆ ಬಂದಾಗ ಎಂದಿನ ‘ಕರ್ರ್’ ಬದಲು ‘ಧಡ್’ ಎಂದಿತು. ಅರ್ಧ ಮೈಲಿ ಹೋಗುವಷ್ಟರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ. ಮೇಷ್ಟ್ರ ಮಗ ತಕ್ಷಣ ಇಂಜಿನ್ ಆಫ್ ಮಾಡಿ ಇಳಿದು ಹಿಂದಕ್ಕೆ ನೋಡಿದರೆ ರಸ್ತೆಯುದ್ದಕ್ಕೂ ಕಪ್ಪು ಗೆರೆ. ಚೇಂಬರು ಒಡೆದು ಇಂಜಿನ್ ಆಯಿಲ್ ಎಲ್ಲ ರಸ್ತೆಯ ಪಾಲಾಗಿತ್ತು. ಆಯಿಲ್ ಇಲ್ಲದೆ ಇನ್ನಷ್ಟು ದೂರ ಓಡಿಸಿದ್ದರೆ ಇಂಜಿನ್ನಿನೊಳಗಿನ ಬೇರಿಂಗುಗಳು ಸುಟ್ಟು, ಗಾಡಿ ಗುಜರಿಗೆ ಹೋಗಬೇಕಿತ್ತು. ಅಂದು ಆ ತಾಯಿ ಆಟೋದಲ್ಲಿ ಮೈಮುದುಡಿ ಕೂತು ಆಸ್ಪತ್ರೆ ಸೇರಿದ್ದು ಎಂಟೂ ಕಾಲಕ್ಕೆ. ಆ ಹೊತ್ತಿಗೆ ಅವರ ಹಾಸಿಗೆ ಬೇರೆಯವರದಾಗಿತ್ತು. ಸಂಜೆಯವರೆಗೂ ಕಾದಿದ್ದಾಯಿತು.

ಹಂಪು ಯಾಕೆ ಬಂತು?

“ಆ ಹಂಪ್ ಒಡೆದುಹಾಕಿ” ಎಂದು ಮೇಷ್ಟ್ರ ಮಗ ಕೂಗಾಡಿದ್ದು ಸಹಜ. ಆದರೆ ಮೂಲೆಮನೆಯ ಹೆಂಗಸು ಬಾಗಿಲಿಗೆ ಬಂದು ನಿಂತಾಗ ಅವರ ಬಾಯಿ ಕಟ್ಟಿತು.

ಆಕೆ ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ಸಾಗಿಸುವವರು. ಎಂಟು ವರ್ಷದ ಒಬ್ಬನೇ ಮಗ. ಬಡಾವಣೆಯ ಹಿಂದೆ ಮನೆಗಳು ಏಳತೊಡಗಿದ ಮೇಲೆ ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರುಗಳು ಈ ರಸ್ತೆಯನ್ನೇ ಹಿಡಿದವು. ಒಂದು ಸಂಜೆ ಚೆಂಡಿನ ಹಿಂದೆ ಓಡಿದ ಹುಡುಗನಿಗೆ ಟಿಪ್ಪರಿನ ಪಕ್ಕ ತಗುಲಿ ಬಲಗಾಲು ಮುರಿಯಿತು. ಪುಣ್ಯಕ್ಕೆ ಜೀವ ಉಳಿಯಿತು. ಕಾಲಿಗೆ ಎರಡು ತಿಂಗಳು ಕಟ್ಟು. ಉಬ್ಬು ಹಾಕಿಸಿ ಎಂದು ಕೊಟ್ಟ ಅರ್ಜಿ ಎಲ್ಲಿ ಹೋಯಿತೋ ದೇವರೇ ಬಲ್ಲ. ಕಡೆಗೆ ಬೀದಿಯವರೇ ತಲಾ ಇಷ್ಟು ಅಂತ ಹಾಕಿ, ಒಂದು ಭಾನುವಾರ ರಾತ್ರಿ ಸಿಮೆಂಟು ಜಲ್ಲಿ ಕಲಸಿ, ಹಲಗೆ ಅಡ್ಡ ಇಟ್ಟು ಈ ದಿಮ್ಮಿ ಎರೆದರು. ಬಣ್ಣವಿಲ್ಲ, ಫಲಕವಿಲ್ಲ, ಅಳತೆಯಂತೂ ಮೊದಲೇ ಇಲ್ಲ.

“ನಿಮ್ಮ ಗಾಡಿ ತಳ ಹೋದ್ರೆ ಬೆಸುಗೆ ಹಾಕಿಸ್ಬೋದು ಕಣಣ್ಣ. ನನ್ನ ಮಗನ ಕಾಲು ಇನ್ನೊಂದ್ಸಲ ಹೋದ್ರೆ? ಹಂಪ್ ಕೀಳೋಕೆ ಬಂದ್ರೆ ನಾನು ಅಡ್ಡ ಮಲಗ್ತೀನಿ ಅಷ್ಟೇ!”

ಒಂದು ಕಡೆ ವಾರಕ್ಕೆರಡು ಸಲ ಆಸ್ಪತ್ರೆ ಮುಟ್ಟಲೇಬೇಕಾದ ತಾಯಿ. ಇನ್ನೊಂದು ಕಡೆ ಮಗನ ಕಾಲು ಮುರಿದದ್ದನ್ನು ಕಣ್ಣಾರೆ ಕಂಡ ತಾಯಿ. ನ್ಯಾಯ ಯಾರ ಕಡೆ ಹೇಳುತ್ತೀರಿ?

ಪೇಟ ಸುತ್ತಿಕೊಂಡ ಹಾಗೆ

ಮೇಷ್ಟ್ರ ಮಗ ಚೇಂಬರಿಗೆ ವೆಲ್ಡಿಂಗ್ ಮಾಡಿಸಿದರು. ಮತ್ತೆ ಒಡೆಯಬಾರದೆಂದು ಅದರ ಕೆಳಗೆ ದಪ್ಪನೆಯ ಕಬ್ಬಿಣದ ತಗಡಿನ ಗಾರ್ಡ್ ಹಾಕಿಸಿದರು. ಆಮೇಲೆ ಶುರುವಾಯಿತು ನೋಡಿ ಸಂಗೀತ! ಮೊದಲು ಜನ ಹೆಚ್ಚಿದ್ದಾಗ ಮಾತ್ರ ತಾಗುತ್ತಿದ್ದ ಗಾಡಿ ಈಗ ಪ್ರತಿ ಸಲವೂ ತಾಗತೊಡಗಿತು. ತಗಡು ಜಗ್ಗಿ, ಬೋಲ್ಟು ಸಡಿಲವಾಗಿ, ಇನ್ನಷ್ಟು ಕೆಳಕ್ಕೆ ಜೋತಿತು.

ಊರಿನ ಹಳೆಯ ಗ್ಯಾರೇಜಿನ ಮೇಸ್ತ್ರಿ ಅದನ್ನು ನೋಡಿ ನಕ್ಕರು. ಅಂಬಾಸಿಡರ್ ಕಾಲದಿಂದ ಗಾಡಿಗಳ ಹೊಟ್ಟೆ ನೋಡಿಕೊಂಡು ಬಂದ ಕೈ ಅದು.

“ಬಾಗಿಲಿಗೆ ತಲೆ ಹೊಡಿಯುತ್ತೆ ಅಂತ ಪೇಟ ಸುತ್ತಿಕೊಂಡ ಹಾಗಾಯ್ತು ನಿಮ್ಮ ಕೆಲಸ. ತಲೆ ಒಡಿಯಲ್ಲ ನಿಜ. ಹೊಡಿಯೋದು ಜಾಸ್ತಿಯಾಗುತ್ತೆ” ಎಂದರು.

ಮೇಸ್ತ್ರಿ ಮೊದಲು ಮಾಡಿದ್ದು ಸ್ಪ್ಯಾನರ್ ಹಿಡಿಯುವ ಕೆಲಸವಲ್ಲ. ಟೈಲರ್ ಥರ ಟೇಪು ಹಿಡಿದರು. ಗ್ಯಾರೇಜಿನ ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ, ಎಡ ಬಲ ಚಕ್ರಗಳ ನಡುವಣ ಭಾಗದಲ್ಲಿ ಎಲ್ಲಕ್ಕಿಂತ ತಗ್ಗಾಗಿರುವ ಜಾಗ ಹುಡುಕಿದರು. ನೆಲದಿಂದ ಆ ಜಾಗಕ್ಕೆ ಇರುವ ಅಂತರವೇ ಗ್ರೌಂಡ್ ಕ್ಲಿಯರೆನ್ಸ್. ಗಾರ್ಡಿನ ಅಂಚೂ ಸೈಲೆನ್ಸರ್ ಪೈಪೂ ಹೆಚ್ಚುಕಮ್ಮಿ ಒಂದೇ ಮಟ್ಟದಲ್ಲಿದ್ದವು. ಖಾಲಿ ಗಾಡಿಗೆ 155 ಮಿಲಿಮೀಟರ್.

ಮಗನಿಗೆ ಆಶ್ಚರ್ಯ. “ನಾವು ಅಳೆದಾಗ ಹಂಪ್ ಎತ್ತರ 145. ಹಾಗಾದ್ರೆ 10 ಮಿಲಿಮೀಟರ್ ಉಳಿಯುತ್ತಲ್ಲ ಮೇಸ್ತ್ರಿ? ಯಾಕೆ ತಾಗುತ್ತೆ?”

“ನಿಮ್ಮ ಅಮ್ಮ ಖಾಲಿ ಗಾಡೀಲಿ ಹೋಗ್ತಾರಾ ಸ್ವಾಮಿ? ಎಲ್ಲರನ್ನೂ ಕರ್ಕೊಂಡ್ಬನ್ನಿ.”

ಖಾಲಿ ಹೋದರೆ ಹೋಗುತ್ತೆ, ಜನ ಕೂತರೆ ತಾಗುತ್ತೆ

ಮಾರನೇ ದಿನ ಮೇಷ್ಟ್ರು, ಮನೆಯವರು, ಮಗ, ಸೊಸೆ ನಾಲ್ವರೂ ಕೂತರು. ಹಿಂದೆ ಗಾಲಿಕುರ್ಚಿ, ಆಸ್ಪತ್ರೆಯ ಚೀಲ, ನೀರಿನ ಕ್ಯಾನು. ಒಟ್ಟು ಸುಮಾರು 280 ಕೆ.ಜಿ. ಮತ್ತೆ ಟೇಪು. ಈಗ 125 ಮಿ.ಮೀ. ಮಾತ್ರ!

ಲೆಕ್ಕ ಸರಳ. ಗಾಡಿಯ ಮೈ ಕೂತಿರುವುದು ಸ್ಪ್ರಿಂಗುಗಳ ಮೇಲೆ. ಈ ಗಾಡಿಯಲ್ಲಿ ಸುಮಾರು 9 ಕೆ.ಜಿ.ಗೆ 1 ಮಿ.ಮೀ.ನಂತೆ ಮೈ ಕೆಳಗಿಳಿಯುತ್ತಿತ್ತು. 280 ಕೆ.ಜಿ.ಗೆ 30 ಮಿ.ಮೀ. ಹೋಯಿತು. ಸಾಮಾನು ಹಿಂದಿನ ಚಕ್ರದ ಆಚೆಗೆ ಹೆಚ್ಚಿದಷ್ಟೂ ಹಿಂಭಾಗ ಇನ್ನೂ ಕುಸಿಯುತ್ತದೆ. ಗಾಡಿ ಮಾರುವವರ ಕರಪತ್ರದಲ್ಲಿ ಕಾಣುವ ಅಂಕಿ ಹೆಚ್ಚಿನ ಸಲ ಖಾಲಿ ಗಾಡಿಯದು. ಧರ್ಮಸ್ಥಳಕ್ಕೆಂದು ಏಳು ಜನ ಹತ್ತಿ, ಮೇಲೆ ಕ್ಯಾರಿಯರಿನಲ್ಲಿ ಪಾತ್ರೆಪಡಗ ಕಟ್ಟಿ ಚಾರ್ಮಾಡಿ ಇಳಿಯುವ ದಿನ ಆ ಅಂಕಿ ಎಲ್ಲಿರುತ್ತದೆ ಎಂದು ಯಾರೂ ಕೇಳುವುದಿಲ್ಲ.

ಎತ್ತರದ ಜೊತೆಗೆ ಉದ್ದದ ಮಾತೂ ಇದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಹೆಚ್ಚಾದಷ್ಟೂ ಹೊಟ್ಟೆ ತಾಗುವ ಭಯ ಹೆಚ್ಚು. ಪುಟ್ಟ ಮಾರುತಿ 800ರಲ್ಲಿ ಆ ಅಂತರ 2175 ಮಿ.ಮೀ. ಮರೀನಾದಲ್ಲಿ 2450. ಇನ್ನೋವಾ ಕ್ರಿಸ್ಟಾದಲ್ಲಿ 2750. ಚಿಕ್ಕ ಗಾಡಿಯ ಹಿಂದಿನ ಚಕ್ರ ಬೇಗ ಉಬ್ಬಿನ ಮೇಲೆ ಹತ್ತಿ ಮೈಯನ್ನು ಎತ್ತಿಕೊಳ್ಳುತ್ತದೆ. ಉದ್ದ ಗಾಡಿಯ ನಡುವಿನಲ್ಲಿ ಉಬ್ಬು ಸಿಕ್ಕಿಕೊಂಡಾಗ ಎರಡೂ ಜೊತೆ ಚಕ್ರಗಳು ಕೆಳಗೇ ಇರುತ್ತವೆ. ಚರಂಡಿ ಮೇಲಿನ ಕಡಿದಾದ ಮೋರಿ, ಗೇಟಿನ ಮುಂದಿನ ಏರು, ಎಲ್ಲ ಕಡೆಯೂ ಇದೇ ಕಥೆ.

ಎತ್ತರಿಸುವ ವ್ಯಾಪಾರ

ಇಷ್ಟರಲ್ಲಿ ಬೇರೊಂದು ಕಡೆಯಿಂದ ಸಲಹೆ ಬಂದಿತ್ತು. ಕಾರಿಗೆ ಅಲಂಕಾರ ಮಾಡಿಕೊಡುವ ಅಂಗಡಿಯ ಹುಡುಗ, “ಎರಡಿಂಚು ಎತ್ತರ ಮಾಡ್ಕೊಡ್ತೀನಿ ಸಾರ್, ಅರ್ಧ ದಿನದ ಕೆಲಸ” ಎಂದಿದ್ದ. ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರ್ ತುರುಕುವುದು, ಸ್ಪ್ರಿಂಗಿನ ತಲೆಯ ಮೇಲೆ ಬಿಲ್ಲೆ ಕೂರಿಸುವುದು, ದೊಡ್ಡ ಟಯರು ಹಾಕುವುದು. ಕೇಳಲು ಇಂಪಾಗಿತ್ತು.

ಮೇಸ್ತ್ರಿ ತಲೆ ಅಲ್ಲಾಡಿಸಿದರು. ಅವರು ಹೇಳಿದ ಕಾರಣಗಳು ಕಾರಿಟ್ಟವರೆಲ್ಲ ತಿಳಿಯಬೇಕಾದವು.

ಸುರುಳಿಯ ನಡುವೆ ರಬ್ಬರ್ ಸಿಕ್ಕಿಸಿದರೆ ಆ ಸುರುಳಿ ಕೆಲಸ ನಿಲ್ಲಿಸುತ್ತದೆ. ಉಳಿದ ಸುರುಳಿಗಳೇ ಭಾರವೆಲ್ಲ ಹೊರಬೇಕು. ಸ್ಪ್ರಿಂಗ್ ಬಿರುಸಾಗುತ್ತದೆ. ಗುಂಡಿಯ ಪೆಟ್ಟೆಲ್ಲ ನೇರ ಕೂತವರ ಬೆನ್ನಿಗೆ. ಒಂದೇ ಕಡೆ ಒತ್ತಡ ಬಿದ್ದು ಸ್ಪ್ರಿಂಗ್ ತುಂಡಾಗುವುದೂ ಉಂಟು. ಡಯಾಲಿಸಿಸ್ ಮುಗಿಸಿ, ಬಿ.ಪಿ. ಇಳಿದು, ಕಣ್ಣು ಮುಚ್ಚಿ ಒರಗಿದ ರೋಗಿಯನ್ನು ಆ ಗಾಡಿಯಲ್ಲಿ ತರುವುದೆಂದರೆ? “ಗಾಡಿ ಉಳಿಸೋಕೆ ಹೋಗಿ ಅಮ್ಮನ್ನ ಕುಲುಕೋದಾ?” ಎಂದರು ಮೇಸ್ತ್ರಿ.

ಎರಡಿಂಚು ಬಿಲ್ಲೆ ಹಾಕಿದರೆ ಮೈಯ ಭಾರವೆಲ್ಲ ಮೇಲಕ್ಕೆ ಹೋಗಿ ತಿರುವಿನಲ್ಲಿ ಗಾಡಿ ವಾಲುತ್ತದೆ. ಇಂಜಿನ್ನಿನಿಂದ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಆ್ಯಕ್ಸಲ್ಲುಗಳು ಓರೆಯಾಗಿ ತಿರುಗಿ ಅವುಗಳ ಜಾಯಿಂಟು ಬೇಗ ಸವೆಯುತ್ತದೆ. ಅಲೈನ್‌ಮೆಂಟ್ ಕೆಟ್ಟು ಟಯರಿನ ಒಂದೇ ಅಂಚು ತಿನ್ನುತ್ತದೆ. ಹಿಂದಿನ ಭಾರ ನೋಡಿ ಹಿಂದಿನ ಬ್ರೇಕನ್ನು ಹೆಚ್ಚುಕಮ್ಮಿ ಮಾಡುವ ವಾಲ್ವು ಕೆಲವು ಗಾಡಿಗಳಲ್ಲಿ ಇರುತ್ತದೆ. ಮೈ ಎತ್ತರವಾದರೆ ಅದು “ಹಿಂದೆ ಯಾರೂ ಇಲ್ಲ” ಎಂದು ತಿಳಿದು ಹಿಂದಿನ ಬ್ರೇಕು ಕಡಿಮೆ ಮಾಡಿಬಿಡುತ್ತದೆ. ಗಾಡಿ ತುಂಬ ಜನ, ಅರ್ಧ ಬ್ರೇಕು!

ಟಯರಿನದೂ ಲೆಕ್ಕವೇ. ಉದಾಹರಣೆಗೆ 175/65 ಆರ್ 14 ಟಯರಿನ ಬದಲು 175/70 ಆರ್ 14 ಹಾಕಿದರೆ ಗಾಡಿ ಏರುವುದು ಸುಮಾರು 9 ಮಿ.ಮೀ. ಮಾತ್ರ. ಮೀಟರಿನಲ್ಲಿ 60 ತೋರಿಸುವಾಗ ಗಾಡಿ ನಿಜಕ್ಕೂ ಸುಮಾರು 62ರಲ್ಲಿರುತ್ತದೆ. ಅದಕ್ಕಿಂತ ದೊಡ್ಡದಕ್ಕೆ ಹೋದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಡ್‌ಗಾರ್ಡಿಗೆ ಉಜ್ಜುತ್ತದೆ.

ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಆರ್.ಸಿ.ಯಲ್ಲಿರುವ ವಿವರ ಕಂಪನಿ ಮೂಲದಲ್ಲಿ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿದಿದೆ. ವಿಮೆ ಕಂಪನಿಗೆ ಹೇಳದೆ ಗಾಡಿಯ ಕಾಲು ಉದ್ದ ಮಾಡಿಕೊಂಡವರು ನಾಳೆ ಅಪಘಾತದ ಕ್ಲೇಮು ಹಿಡಿದು ಹೋದಾಗ ಉತ್ತರ ಹುಡುಕಬೇಕಾದೀತು.

ಮೇಸ್ತ್ರಿ ಗಳಿಸಿದ್ದು 25 ಮಿ.ಮೀ.

ಹಾಗಾದರೆ ದಾರಿಯೇ ಇಲ್ಲವೇ? ಇದೆ. “ಹೊಸದಾಗಿ ಎತ್ತರ ಮಾಡಬೇಡಿ, ಕಳಕೊಂಡಿರೋ ಎತ್ತರ ವಾಪಸ್ ತಗೊಳ್ಳಿ” ಎಂಬುದು ಮೇಸ್ತ್ರಿಯ ಮಂತ್ರ.

ಮೊದಲು ಜೋತಿದ್ದ ಗಾರ್ಡ್ ಬಿಚ್ಚಿ, ಬಡಿದು ನೇರ ಮಾಡಿ, ಚೇಂಬರಿಗೆ ಅಂಟಿದಂತೆ ಎತ್ತಿ ಬಿಗಿದರು. ಸೈಲೆನ್ಸರನ್ನು ಹಿಡಿದಿಡುವ ರಬ್ಬರ್ ಕೊಂಡಿಗಳು ಹಿಗ್ಗಿ ಹೋಗಿದ್ದವು. ಕಾಸಿನ ಸಾಮಾನು, ಹೊಸದು ಹಾಕಿದರು. ಅಷ್ಟಕ್ಕೇ 8 ಮಿ.ಮೀ. ಸಿಕ್ಕಿತು.

ಎರಡನೆಯದು ಸ್ಪ್ರಿಂಗು. ನಾಲ್ಕೂ ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ಅಳೆದಾಗ ಹಿಂದಿನ ಬಲಗಡೆ ಉಳಿದವಕ್ಕಿಂತ ತಗ್ಗು. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗ್ ಮುದುಕರ ಬೆನ್ನಿನಂತೆ ಕುಗ್ಗಿತ್ತು. ಇಲ್ಲಿ ಅನೇಕರು ಎಡವುವುದುಂಟು. “ಶಾಕ್ ಅಬ್ಸಾರ್ಬರ್ ಹೋಗಿದೆ, ಅದಕ್ಕೇ ಗಾಡಿ ಕೂತಿದೆ” ಎಂದು ಅದನ್ನೇ ಬದಲಿಸುತ್ತಾರೆ. ಗಾಡಿಯ ಎತ್ತರ ಹಿಡಿಯುವುದು ಸ್ಪ್ರಿಂಗು. ಶಾಕ್ ಅಬ್ಸಾರ್ಬರಿನ ಕೆಲಸ ಕುಣಿತ ನಿಲ್ಲಿಸುವುದು. ಆದರೆ ಅದೂ ಸತ್ತಿದ್ದರೆ ಹಂಪಿನ ಮೇಲೆ ಗಾಡಿ ಕುಣಿದು ಕೆಳಗಿಳಿದಾಗ ತಾಗುತ್ತದೆ ಎಂಬುದೂ ನಿಜ. ಕಂಪನಿಯ ಅಳತೆಯದೇ ಹೊಸ ಸ್ಪ್ರಿಂಗುಗಳನ್ನು ಜೊತೆಜೊತೆಯಾಗಿ ಹಾಕಿಸಿದಾಗ ಭಾರ ತುಂಬಿದ ಗಾಡಿಗೆ 14 ಮಿ.ಮೀ. ವಾಪಸ್ ಬಂತು. ಹಾಕಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ಸರಿಪಡಿಸಿದರು.

ಮೂರನೆಯದು ಗಾಳಿ. ಮೆತ್ತಗೆ ಹೋಗಲಿ ಎಂದು ಮಗ ಟಯರಿಗೆ ಗಾಳಿ ಕಡಿಮೆ ಇಟ್ಟಿದ್ದರು. ಬಾಗಿಲ ಹತ್ತಿರದ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಎಷ್ಟು ಹೇಳಿದೆಯೋ ಅಷ್ಟು ತುಂಬಿಸಿದರು. 3 ಮಿ.ಮೀ.

ಒಟ್ಟು 25. ನಾಲ್ವರು ಕೂತ ಗಾಡಿಗೆ 125 ಇದ್ದದ್ದು 150 ಆಯಿತು. ಹಂಪಿನ ಎತ್ತರ 145. ಉಳಿದದ್ದು 5 ಮಿ.ಮೀ. ಒಂದು ಬೆರಳಿನ ದಪ್ಪವೂ ಇಲ್ಲ. ನಿಂತ ಗಾಡಿಗೆ ಅದು ಸಾಕು. ಓಡುವ ಗಾಡಿಗೆ ಸಾಲದು.

ಆದ್ದರಿಂದ ಮೇಸ್ತ್ರಿ ಓಡಿಸುವ ಪಾಠವನ್ನೂ ಹೇಳಿಕೊಟ್ಟರು. ಬ್ರೇಕು ಹಂಪಿಗೆ ಮುಂಚೆಯೇ ಒತ್ತಿ ಮುಗಿಸಬೇಕು. ಹತ್ತುವಾಗ ಬ್ರೇಕಿನ ಮೇಲೆ ಕಾಲಿದ್ದರೆ ಗಾಡಿಯ ಮೂತಿ ಬಗ್ಗುತ್ತದೆ. ಫಸ್ಟ್ ಗೇರಿನಲ್ಲಿ ಆಮೆಯಂತೆ ಹತ್ತಿಸಿ ಆಮೆಯಂತೆ ಇಳಿಸಬೇಕು. ಹಿಂದೆ ಮುಂದೆ ಯಾರೂ ಇಲ್ಲದಿದ್ದರೆ ಸ್ವಲ್ಪ ಓರೆಯಾಗಿ ಹತ್ತಿಸಿದರೆ ಒಂದೊಂದೇ ಚಕ್ರ ಏರಿ ಮೈಯನ್ನು ಎತ್ತಿಕೊಳ್ಳುತ್ತದೆ. ಭಾರದ ಸಾಮಾನು ಡಿಕ್ಕಿಯ ತುದಿಯಲ್ಲಿ ಬೇಡ, ಸೀಟಿನ ಬೆನ್ನಿಗೆ ಒತ್ತಿ ಇಡಬೇಕು. ಇಷ್ಟರ ಮೇಲೂ ಭಯವಿದ್ದರೆ ಇಬ್ಬರು ಇಳಿದುಬಿಡಬೇಕು!

ಓವರ್‌ಸಿಯರ್ ತೆಗೆದ ಲೆಕ್ಕ

ಗಾಡಿಯ ಕಡೆಯಿಂದ ಆಗಬೇಕಾದ್ದು ಆಯಿತು. ರಸ್ತೆಯ ಕಡೆ?

ಅದೇ ಬಡಾವಣೆಯ ಮೂರನೇ ಅಡ್ಡರಸ್ತೆಯಲ್ಲಿ ನಿವೃತ್ತ ಓವರ್‌ಸಿಯರೊಬ್ಬರಿದ್ದಾರೆ. ಹರಟೆಗೆ ಬಂದವರು ಮೇಷ್ಟ್ರ ಮನೆಯ ಕ್ಯಾಲೆಂಡರಿನ ಹಳೇ ಹಾಳೆ ಹರಿದು ಅದರ ಹಿಂದೆ ಚಿತ್ರ ಬರೆದರು. ಬರೆದದ್ದು ಎಲ್ಲರ ಕಣ್ಣು ತೆರೆಸಿತು.

ದೇಶದ ರಸ್ತೆಗಳಿಗೆ ಅಳತೆ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲೇ ರಸ್ತೆ ಉಬ್ಬಿನ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. 2018ರಲ್ಲಿ ಅದನ್ನು ಪರಿಷ್ಕರಿಸಿಯೂ ಇದೆ. 1988ರ ಅಳತೆಯಂತೆ ವಾಹನಗಳು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲಿ ಎಂದರೆ ಉಬ್ಬಿನ ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್, ಮೇಲ್ಭಾಗ 17 ಮೀಟರ್ ತ್ರಿಜ್ಯದ ದುಂಡು. ಕಪ್ಪು ಬಿಳಿ ಪಟ್ಟೆ ಬೇಕು, ಮುಂಚಿತವಾಗಿ ಎಚ್ಚರಿಕೆಯ ಫಲಕ ಬೇಕು.

ಬೀದಿಯವರು ಎರೆದ ದಿಮ್ಮಿ? ಎತ್ತರ 14.5 ಸೆಂ.ಮೀ. ಅಗಲ ಬರೀ 90 ಸೆಂ.ಮೀ! ಎತ್ತರ ಒಂದೂವರೆ ಪಟ್ಟಿಗೆ ಹತ್ತಿರ, ಅಗಲ ಕಾಲು ಭಾಗ. ಅದು ಉಬ್ಬಲ್ಲ, ಗೋಡೆ.

ಓವರ್‌ಸಿಯರ್ ಮುಂದಿನ ಲೆಕ್ಕ ಹಾಕಿದರು. ಅಳತೆಗೆ ಸರಿಯಾದ ಅಗಲ ಉಬ್ಬಿನ ಮೇಲೆ ಗಾಡಿ ಹೋಗುವಾಗ ನಾಲ್ಕೂ ಚಕ್ರ ಉಬ್ಬಿನ ಮೇಲೇ ಕೂರುತ್ತವೆ. ಉಬ್ಬು ಏರಿದಂತೆ ಗಾಡಿಯೂ ಏರುತ್ತದೆ. ಚಕ್ರಗಳ ನಡುವೆ ಹೊಟ್ಟೆಯ ಕಡೆಗೆ ಚಾಚುವ ಡುಬ್ಬ ಎಷ್ಟು ಗೊತ್ತೆ? ಮಾರುತಿ 800ಕ್ಕೆ 35 ಮಿ.ಮೀ., ಮರೀನಾಕ್ಕೆ 44, ಉದ್ದನೆಯ ಇನ್ನೋವಾಕ್ಕೆ 56. ಅಷ್ಟೇ!

ಮೇಷ್ಟ್ರು ಗಣಿತದವರು. ಕೂಡಲೇ ಕಳೆದು ನೋಡಿದರು. ರಿಪೇರಿಗೆ ಮುಂಚೆ, ಜೋತ ಗಾರ್ಡು, ಕುಗ್ಗಿದ ಸ್ಪ್ರಿಂಗಿನ ಸಮೇತ, ನಾಲ್ಕು ಜನ ಕೂತ ಗಾಡಿಗೆ 125 ಇತ್ತಲ್ಲ? 44 ಕಳೆದರೆ 81. ಎಂಟು ಸೆಂಟಿಮೀಟರ್ ಉಳಿಯುತ್ತಿತ್ತು. ಚೇಂಬರು ಒಡೆಯುತ್ತಿರಲಿಲ್ಲ. ಗಾರ್ಡು ಬೇಕಿರಲಿಲ್ಲ. ಸಂಜೆಯವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕಾಯಬೇಕಿರಲಿಲ್ಲ.

ಇನ್ನು ಮೂಲೆಮನೆಯ ತಾಯಿಯ ಮಾತು. ಓವರ್‌ಸಿಯರ್ ಆಕೆಯನ್ನೂ ಕರೆದು ಕೂರಿಸಿ ಕೇಳಿದರು: “ಹಂಪ್ ಹಾಕಿದ ಮೇಲೆ ಟಿಪ್ಪರ್ ನಿಧಾನ ಆಯ್ತೇನಮ್ಮ?”

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲಿ ಸಾ... ಕಾರು, ಆಟೋದವರು ನಿಲ್ತಾರೆ. ಆ ಟಿಪ್ಪರ್ ಮಾತ್ರ ಧಡಾರ್ ಅಂತ ಹಾರಿಸ್ಕೊಂಡೇ ಹೋಗ್ತದೆ. ರಾತ್ರಿ ಹೊತ್ತು ಮನೆ ಕಿಟಕಿ ಎಲ್ಲ ಅದುರ್ತದೆ” ಎಂದರು.

ಗುಟ್ಟು ಇಲ್ಲೇ ಇದೆ. ಕಿರಿದಾದ ದಿಮ್ಮಿಯನ್ನು ದೊಡ್ಡ ಚಕ್ರದ ಗಾಡಿ ಜೋರಾಗಿ ದಾಟಿದರೆ ಚಕ್ರ, ಸ್ಪ್ರಿಂಗುಗಳೇ ಪೆಟ್ಟು ನುಂಗಿಕೊಳ್ಳುತ್ತವೆ. ಚಾಲಕನಿಗೆ ಒಂದು ಕ್ಷಣದ ಕುಲುಕು, ಅಷ್ಟೆ. ಅಗಲವಾದ ಉಬ್ಬಿನ ಮೇಲೆ ವೇಗವಾಗಿ ಬಂದರೆ ಇಡೀ ಗಾಡಿಯೇ ಮೇಲೆದ್ದು ಬೀಳುತ್ತದೆ, ಚಾಲಕನೂ ಸೀಟಿನಿಂದ ಏಳುತ್ತಾನೆ. ಮುಂದಿನ ಸಲ ತಾನಾಗಿಯೇ ಬ್ರೇಕ್ ಒತ್ತುತ್ತಾನೆ. ಅಂದರೆ ಯಾರನ್ನು ತಡೆಯಲೆಂದು ಬೀದಿಯವರು ಬೆವರು ಸುರಿಸಿದರೋ ಅವನು ಹಾರಿಕೊಂಡು ಹೋಗುತ್ತಿದ್ದಾನೆ. ಯಾರನ್ನು ತಡೆಯಬಾರದಿತ್ತೋ ಆ ರೋಗಿ ಸಿಕ್ಕಿಬಿದ್ದಿದ್ದಾರೆ!

“ಹಾಗಾದ್ರೆ ಅಗಲದ್ದೇ ಹಾಕ್ಸಿ ಸಾ. ಆದ್ರೆ ಹೊಸದು ಹಾಕೋ ದಿನಾನೇ ಇದನ್ನ ತೆಗೀಬೇಕು. ಒಂದು ದಿನಾನೂ ಖಾಲಿ ಬಿಡಂಗಿಲ್ಲ” ಎಂದರು ಆ ತಾಯಿ. ನ್ಯಾಯವಾದ ಷರತ್ತು.

ಒಂದು ಬೆರಳು

ಈಗ ಅರ್ಜಿ ಹೋಗಿದೆ. ಮೇಷ್ಟ್ರ ಕೈಬರಹ, ಓವರ್‌ಸಿಯರರ ನಕ್ಷೆ, ಕೆಳಗೆ ಮೊದಲ ಸಹಿ ಮೂಲೆಮನೆಯ ತಾಯಿಯದು, ಎರಡನೆಯದು ಮೇಷ್ಟ್ರ ಮನೆಯವರದು. ಹಂಪ್ ತೆಗೆಯಿರಿ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, ಪಟ್ಟೆ, ಫಲಕ ಎಂದಷ್ಟೇ ಬರೆದಿದೆ. ಮೇಜಿನಿಂದ ಮೇಜಿಗೆ ಅದು ಯಾವ ಗೇರಿನಲ್ಲಿ ಓಡುತ್ತಿದೆಯೋ, ಎಲ್ಲಿ ತಳ ತಾಗಿ ನಿಂತಿದೆಯೋ ಹೇಳುವವರಿಲ್ಲ.

ಅಲ್ಲಿಯವರೆಗೆ ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಆರೂವರೆಗೆ ಆ ಮೂಲೆಯಲ್ಲಿ ನಡೆಯುವುದು ಇಷ್ಟು. ಕಾರು ಹಂಪಿಗೆ ಮೊದಲೇ ನಿಲ್ಲುತ್ತದೆ. ಮೇಷ್ಟ್ರು ಇಳಿಯುತ್ತಾರೆ, ಸೊಸೆ ಇಳಿಯುತ್ತಾರೆ. ಗಾಡಿ 15 ಮಿ.ಮೀ. ಮೇಲೇಳುತ್ತದೆ. ಮೂಲೆಮನೆಯಿಂದ ಆ ಹುಡುಗ ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬರುತ್ತಾನೆ. ಓಟದಲ್ಲಿ ಬಲಗಾಲು ಇನ್ನೂ ಒಂಚೂರು ಕುಂಟುತ್ತದೆ. ರಸ್ತೆಯ ಅಂಚಿನಲ್ಲಿ ಮೊಣಕಾಲೂರಿ, ಕೆನ್ನೆ ನೆಲಕ್ಕೆ ತಾಗುವಷ್ಟು ಬಗ್ಗಿ, ಕಾರಿನ ಹೊಟ್ಟೆಯ ಕೆಳಗೆ ನೋಡುತ್ತಾನೆ.

“ಬಾಣ್ಣ, ಬಾ... ಬಾ... ಒಂದು ಬೆರಳು ಜಾಗ ಐತೆ. ಬಾ!”

ಕಾರು ದಾಟುತ್ತದೆ. ‘ಕರ್ರ್’ ಸದ್ದಿಲ್ಲ. ಒಳಗಿನಿಂದ ಆ ತಾಯಿ ಕೈಯೆತ್ತುತ್ತಾರೆ. ಹುಡುಗ ಬಾಯಿ ತೊಳೆಯಲು ಒಳಕ್ಕೆ ಓಡುತ್ತಾನೆ.

ಎಂಟು ವರ್ಷದ ಹುಡುಗ ಬಗ್ಗಿ ನೋಡಿ ಅಳತೆ ಹೇಳುತ್ತಿದ್ದಾನೆ. ರಸ್ತೆಯ ಉಸ್ತುವಾರಿ ಹೊತ್ತ ದೊಡ್ಡವರು ಒಂದು ದಿನ ಟೇಪು ಹಿಡಿದು ಆ ಮೂಲೆಗೆ ಬರುವರೇ?